ಅಜ್ಜಿಯ ನೋವಿನ ಮದ್ದು

ಬಲವಾದ ನೋವಿನ ಮಾತ್ರೆ ಒಂದು ಮನೆಗೆ ಹೋದರೆ ಅದರ ಹಿಂದೆಯೇ ಏನಾದರೊಂದು ಎಡವಟ್ಟು ನಡೆಯುತ್ತದೆ. ನಡೆಯದ ಮನೆಯನ್ನು ನಾನು ನೋಡಿಲ್ಲ.

ಬಿ.ಎಸ್ಸಿ. ಮುಗಿಸಿ ಹಾಸನದ ಒಂದು ನೋವಿನ ಕ್ಲಿನಿಕ್ಕಿನಲ್ಲಿ ಕೆಲಸಕ್ಕೆ ಸೇರಿದ್ದೆ. ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷಗಳಾಗಿದ್ದವು. ಡಾಕ್ಟರು ಬರೆದದ್ದನ್ನು ಮನೆಯವರು ಸರಿಯಾಗಿ ಕೊಡುತ್ತಿದ್ದಾರೆಯೇ ಎಂದು ಹೋಗಿ ನೋಡುವುದು ನನ್ನ ಕೆಲಸ. ಇಲ್ಲಿ ಹೇಳುವುದೆಲ್ಲ ಹಳ್ಳಿಮೈಸೂರಿನ ಒಂದೇ ಮನೆಯಲ್ಲಿ ನಡೆದದ್ದು. ಅಲ್ಲಿನ ಅಜ್ಜಿಗೆ ಕ್ಯಾನ್ಸರ್ ಬೆನ್ನುಮೂಳೆಗೆ ಇಳಿದಿತ್ತು. ಮಗ್ಗುಲು ಬದಲಿಸಿದರೆ ಕೂಗು ಬೀದಿಗೆ ಕೇಳುತ್ತಿತ್ತು. ಮಗ ಮದ್ದಿಗೆ ಒಪ್ಪಿದ್ದು ಅರೆಮನಸ್ಸಿನಿಂದ. ಏನಾದರೂ ಎಡವಟ್ಟಾದರೆ ನಿಲ್ಲಿಸಿಬಿಡುತ್ತೇನೆ ಎಂದು ಮೊದಲ ದಿನವೇ ಹೇಳಿದ್ದರು. ನಿಲ್ಲಿಸಿದರೆ ಕೂಗು ಮತ್ತೆ ಶುರುವಾಗುತ್ತದೆ.

೧. ಯಾರು ಹೋದ್ರು

ಮೊದಲು ಟ್ರಮಡಾಲ್ ಕೊಟ್ಟಿದ್ದರು. ಅದು ಮಧ್ಯಮ ನೋವಿನದು, ಅಜ್ಜಿಯ ನೋವಿಗೆ ಸಾಲಲಿಲ್ಲ. ಡಾಕ್ಟರು ಮಾರ್ಫಿನ್‌ಗೆ ಬದಲಿಸಿದರು, ಸಣ್ಣ ಪ್ರಮಾಣದಲ್ಲಿ, ನಾಲ್ಕು ಗಂಟೆಗೊಮ್ಮೆ. ಮಲಬದ್ಧತೆಗೂ ಜೊತೆಗೇ ಒಂದು ಔಷಧಿ.

ಮಾರ್ಫಿನ್ ಕೊಡುವುದು ಕೊನೆಯ ದಿನ ಎಂದು ಬಸ್‌ಸ್ಟ್ಯಾಂಡಿನಲ್ಲಿ ಯಾರೋ ಹೇಳಿದ್ದರಂತೆ. ಮಾರನೆಯ ದಿನ ನಾನು ಹೋದಾಗ ಅಜ್ಜಿಯನ್ನು ಮಂಚದಿಂದ ಇಳಿಸಿ ಪಡಸಾಲೆಯ ಚಾಪೆಯ ಮೇಲೆ ದಕ್ಷಿಣಕ್ಕೆ ತಲೆ ಮಾಡಿ ಮಲಗಿಸಿದ್ದರು. ತುಳಸಿ ನೀರು ತಯಾರಿತ್ತು. ಅರಕಲಗೂಡಿನಿಂದ ಅಜ್ಜಿಯ ಅಕ್ಕ, ಬಾವ ಬಂದಿದ್ದರು. ಸುತ್ತ ನೆಂಟರು ಗೋಡೆಗೆ ಒರಗಿ ಕೂತಿದ್ದರು. ಎಲ್ಲರೂ ಅಜ್ಜಿಯ ಎದೆಯನ್ನೇ ನೋಡುತ್ತಿದ್ದರು.

ಉಸಿರು ಎಣಿಸಿದೆ. ಸರಿಯಾಗಿತ್ತು. ಎಷ್ಟೋ ತಿಂಗಳ ನಿದ್ದೆಯನ್ನು ಆಕೆ ಒಟ್ಟಿಗೆ ಮಾಡುತ್ತಿದ್ದರು, ಅಷ್ಟೆ. ಹೇಳಿದೆ. ಯಾರೂ ನಂಬಲಿಲ್ಲ.

ಸ್ವಲ್ಪ ಹೊತ್ತಿಗೆ ಅಜ್ಜಿ ಕಣ್ಣು ಬಿಟ್ಟರು. ಒಂದೊಂದೇ ಮುಖ ನೋಡಿದರು. ಅಳುತ್ತಿದ್ದ ಅಕ್ಕನ ಕೈ ಹಿಡಿದುಕೊಂಡು, ಮೆಲ್ಲಗೆ ಸಮಾಧಾನ ಹೇಳಿದರು.

"ಅಳ್ಬೇಡ ಬುಡಕ್ಕ. ಬಾವಂಗೂ ವಯಸ್ಸಾಗಿತ್ತು."

ಬಾವ ಅಕ್ಕನ ಹಿಂದೆಯೇ ನಿಂತಿದ್ದರು. ಅವತ್ತು ಅವರಿಗೆ ಊಟ ಸೇರಲಿಲ್ಲ.

೨. ಪಕ್ಕದ ಕುರ್ಚಿ

ಅಜ್ಜಿಯ ಅಳಿಯನಿಗೆ ಚನ್ನರಾಯಪಟ್ಟಣದಲ್ಲಿ ಕೊಬ್ಬರಿ ವ್ಯಾಪಾರ. ಅತ್ತೆಯನ್ನು ನೋಡಲು ಬಂದವರಿಗೆ ಹಲ್ಲುನೋವು ಬಂತು. ಅತ್ತೆಯ ಡಬ್ಬಿಯಿಂದ ಎರಡು ಮಾತ್ರೆ ನುಂಗಿದರು. ಸಾಯೋ ಮುದುಕಿ ತಡ್ಕೊಳ್ಳೋದನ್ನ ನಾನು ತಡ್ಕೊಳ್ಳಲ್ವಾ ಎಂಬುದು ಅವರ ಲೆಕ್ಕ.

ಲೆಕ್ಕ ತಿರುಗುಮುರುಗು. ದಿನಾ ತೆಗೆದುಕೊಳ್ಳುವವರ ಮೈ ಅದಕ್ಕೆ ಒಗ್ಗಿರುತ್ತದೆ, ಪ್ರಮಾಣವೂ ಹಂತಹಂತವಾಗಿ ಏರಿರುತ್ತದೆ. ಒಗ್ಗದ ಮೈಗೆ ಅದೇ ಮಾತ್ರೆ ಉಸಿರನ್ನೇ ನಿಧಾನ ಮಾಡುತ್ತದೆ. ಅದರ ಮೇಲೆ ಬೆಳಗ್ಗೆ ಸ್ವಲ್ಪ ಕುಡಿದೂ ಇದ್ದರು.

ಮಧ್ಯಾಹ್ನ ನಾನು ಹೋದಾಗ ಅಂಗಳದಲ್ಲಿ ಕುರ್ಚಿಯ ಮೇಲೆ ಕೂತು ಮೂಗು ಕೆರೆದುಕೊಳ್ಳುತ್ತ ನಗುತ್ತಿದ್ದರು. ಕೂತಿದ್ದದ್ದು ನೆರಳಿನಲ್ಲಿ, ಆದರೂ ಕಣ್ಣಪಾಪೆ ಸಾಸಿವೆ ಕಾಳಿನಷ್ಟಿತ್ತು. ಹಲ್ಲು ಹೇಗಿದೆ ಎಂದು ಕೇಳಿದೆ.

"ನೋಯ್ತಾನೇ ಅದೆ ಸಾ. ಆದ್ರೆ ನಂದಲ್ಲ."

ಮತ್ತೆ ಯಾರದ್ದು ಎಂದೆ. ಪಕ್ಕದ ಕುರ್ಚಿ ತೋರಿಸಿ, "ಇವರದ್ದು," ಎಂದರು. ಮರ್ಯಾದೆಯಿಂದ ಹೇಳಿದರು. ಕುರ್ಚಿ ಖಾಲಿ ಇತ್ತು. ಬಾಗಿಲಲ್ಲಿ ನಿಂತಿದ್ದ ಸೊಸೆ ಒಳಗೆ ಹೋಗಿ ಚಿಲಕ ಹಾಕಿಕೊಂಡರು.

ಹೇಳುತ್ತಿದ್ದಂತೆಯೇ ಅಳಿಯನ ತಲೆ ಎದೆಗೆ ಬಾಗಿತು. ತಡಮಾಡದೆ ಕಾರಿಗೆ ಹಾಕಿ ಹೊಳೆನರಸೀಪುರದ ಆಸ್ಪತ್ರೆಗೆ ಕರೆದೊಯ್ದೆವು. ದಾರಿಯುದ್ದಕ್ಕೂ ಅಜ್ಜಿಯ ಮಗ ಅವರನ್ನು ಬೈದು ಬೈದು ಎಚ್ಚರ ಇಟ್ಟರು. ಆ ಕೆಲಸ ಅವರಿಗೆ ಕಷ್ಟವಾಗಲಿಲ್ಲ. ಆಸ್ಪತ್ರೆಯಲ್ಲಿ ಮಾರ್ಫಿನ್‌ಗೆ ವಿರುದ್ಧವಾಗಿ ಕೆಲಸ ಮಾಡುವ ಇಂಜೆಕ್ಷನ್ ಕೊಟ್ಟರು. ಅಳಿಯ ಕಣ್ಣು ಬಿಟ್ಟವರೇ ದವಡೆ ಹಿಡಿದುಕೊಂಡರು.

"ನಂಗೇ ವಾಪಸ್ ಕೊಟ್ಬುಟ್ಟು ಎದ್ದೋದ್ರು ಸಾ."

ಅಂದಿನಿಂದ ಮಾತ್ರೆ ಡಬ್ಬಿ ಬೀರುವಿಗೆ ಹೋಯಿತು. ಇನ್ನೊಂದು ಸಲ ಹೀಗಾದರೆ ಡಬ್ಬಿ ನೇರ ಹೊಳೆಗೆ ಎಂದರು ಮಗ. ಖಾಲಿ ಕುರ್ಚಿಯನ್ನೂ ಸೊಸೆ ಕೊಟ್ಟಿಗೆಗೆ ಹಾಕಿಸಿದರು.

೩. ಬೆನ್ನಿನ ಪಟ್ಟಿ

ಚಳಿಗಾಲದ ಹೊತ್ತಿಗೆ ಅಜ್ಜಿಗೆ ಏನು ನುಂಗಿದರೂ ವಾಂತಿ. ಡಾಕ್ಟರು ಮಾತ್ರೆ ನಿಲ್ಲಿಸಿ ಫೆಂಟನಿಲ್ ಪಟ್ಟಿ ಬರೆದರು. ಚರ್ಮಕ್ಕೆ ಅಂಟಿಸುವುದು. ಮದ್ದು ಮೂರು ದಿನ ನಿಧಾನವಾಗಿ ಒಳಗೆ ಇಳಿಯುತ್ತದೆ. ಬೆನ್ನಿನ ಮೇಲ್ಭಾಗಕ್ಕೆ ನಾನೇ ಅಂಟಿಸಿದೆ. ಕತ್ತರಿಸಬಾರದು, ಹಳೆಯದನ್ನು ಕಿತ್ತ ಮೇಲೆಯೇ ಹೊಸದು, ಮತ್ತು ಅದಕ್ಕೆ ಶಾಖ ತಾಗಬಾರದು ಎಂದು ಮಗನಿಗೆ ಹೇಳಿದೆ. ಸೊಸೆ ಆಗ ಅಡಿಗೆಮನೆಯಲ್ಲಿದ್ದರು.

ಮುಂದಿನ ಸಲ ಹೋದಾಗ ಬಾಗಿಲಲ್ಲಿ ಚಪ್ಪಲಿಯ ರಾಶಿ. ಸಾವಿನ ಮನೆಯ ರಾಶಿ ಎಂದುಕೊಂಡೆ. ಒಳಗೆ ಹೆಂಗಸರು ಕೈಮುಗಿದು ಕೂತಿದ್ದರು. ಊದುಬತ್ತಿ ಹಚ್ಚಿತ್ತು. ಅಜ್ಜಿ ಗೋಡೆಗೆ ಒರಗಿ, ಕಣ್ಣು ಅರ್ಧ ಮುಚ್ಚಿ, ಮೂಲೆಯ ಕಡೆ ತಿರುಗಿ ಮಾತಾಡುತ್ತಿದ್ದರು. ಮೂಲೆಯಲ್ಲಿ ಯಾರೂ ಇರಲಿಲ್ಲ. ಅಜ್ಜಿ ಮಾತು ನಿಲ್ಲಿಸಿ ಕಿವಿಗೊಡುತ್ತಿದ್ದರು, ಹೂಂ ಎನ್ನುತ್ತಿದ್ದರು, ಮತ್ತೆ ಮಾತಾಡುತ್ತಿದ್ದರು.

ಮೈಮೇಲೆ ಹಿರೇಕರು ಬಂದವರೆ ಎಂದು ಒಬ್ಬರು ನನಗೆ ಪಿಸುಗುಟ್ಟಿದರು. ಪಕ್ಕದ ಮನೆಯಾಕೆ ಕಳೆದುಹೋದ ಕಾಲ್ಗೆಜ್ಜೆ ಎಲ್ಲಿದೆ ಎಂದು ಕೇಳಿದ್ದರಂತೆ. ನುಗ್ಗೆಮರದ ಬುಡದಲ್ಲಿ ಎಂದು ಅಜ್ಜಿ ಹೇಳಿದ್ದರಂತೆ. ಅಗೆದರೆ ಗೆಜ್ಜೆ ಸಿಕ್ಕಿತು. ಆದರೆ ಅದು ಆಕೆಯದಲ್ಲ. ಯಾರದೆಂದು ಇವತ್ತಿಗೂ ಗೊತ್ತಾಗಿಲ್ಲ.

ನಾನು ಉಸಿರು ನೋಡಿದೆ. ಒಂದು ಉಸಿರು ಬಂದು, ಇನ್ನೊಂದು ಬರಲು ಬಹಳ ಹೊತ್ತು ಹಿಡಿಯುತ್ತಿತ್ತು. ಬೆನ್ನ ಹಿಂದೆ ಕೈ ಹಾಕಿದರೆ ಸುಟ್ಟಿತು. ಹಳೆ ಸೀರೆಯಲ್ಲಿ ಸುತ್ತಿದ ಇಟ್ಟಿಗೆ. ಅತ್ತೆಗೆ ಚಳಿಯಾಗದಿರಲಿ ಎಂದು ಸೊಸೆ ಒಲೆಯಲ್ಲಿ ಕಾಯಿಸಿ ಒತ್ತಿಟ್ಟಿದ್ದರು. ಆ ಶಾಖಕ್ಕೆ ಮೂರು ದಿನದ ಮದ್ದು ಅವಸರದಲ್ಲಿ ಇಳಿಯುತ್ತಿತ್ತು.

ಪಟ್ಟಿ ಕಿತ್ತೆ, ಇಟ್ಟಿಗೆ ಹೊರಗೆ ಹಾಕಿದೆ, ಡಾಕ್ಟರಿಗೆ ಫೋನ್ ಮಾಡಿದೆ. ಅವರು ಅಂದು ಹೊಳೆನರಸೀಪುರದಲ್ಲೇ ಇದ್ದರು. ಜೀಪಿನಲ್ಲಿ ಬಂದು, ಅಳಿಯನಿಗೆ ಕೊಟ್ಟಿದ್ದ ಇಂಜೆಕ್ಷನ್ನನ್ನೇ ಸ್ವಲ್ಪ ಸ್ವಲ್ಪವಾಗಿ ಕೊಟ್ಟರು. ಕಿತ್ತ ಮೇಲೂ ಚರ್ಮದಲ್ಲಿ ಮದ್ದು ಉಳಿದಿರುತ್ತದೆ, ಏಳಬೇಡ ಎಂದು ನನ್ನನ್ನು ಪಕ್ಕದಲ್ಲಿ ಕೂರಿಸಿದರು. ನುಗ್ಗೇಹಳ್ಳಿಯಿಂದ ಬಂದಿದ್ದ ಒಬ್ಬರಿಗೆ ಪ್ರಶ್ನೆ ಕೇಳುವ ಸರದಿ ಇನ್ನೂ ಬಂದಿರಲಿಲ್ಲ. ಎರಡೇ ನಿಮಿಷ ಮತ್ತೆ ಅಂಟಿಸಕ್ಕಾಯ್ತದಾ, ಹಸು ತಪ್ಪಿಸ್ಕೊಂಡದೆ ಎಂದು ಕೇಳಿದರು. ಡಾಕ್ಟರು ಕಿತ್ತ ಪಟ್ಟಿಯನ್ನು ಮಡಚಿ ತಮ್ಮ ಚೀಲಕ್ಕೆ ಹಾಕಿಕೊಂಡರು.

ಸಂಜೆಗೆ ಅಜ್ಜಿ ಪೂರ್ತಿ ಎಚ್ಚರವಾದರು. ಉಸಿರು ಸರಿಯಾಯಿತು. ಎಚ್ಚರದ ಜೊತೆ ನೋವೂ ಬಂತು. ಕೂಗಲಿಲ್ಲ, ಚಾಪೆಯ ಅಂಚನ್ನು ಹಿಡಿದುಕೊಂಡರು. ಸೊಸೆ ಅಳುತ್ತಿದ್ದರು. ಮಗ, ಇನ್ನು ಯಾವ ಮದ್ದೂ ಬೇಡ ಎಂದರು. ನಾಳೆ ನೋಡಿ ಚಿಕ್ಕ ಪಟ್ಟಿ ಹಾಕೋಣ, ಶಾಖ ಬೇಡ, ಕಂಬಳಿ ಸಾಕು ಎಂದು ಡಾಕ್ಟರು ಹೇಳಿದರೂ ಮಗ ಬೇಡವೆಂದು ತಲೆ ಅಲ್ಲಾಡಿಸಿದರು.

ಆಗ ಅಜ್ಜಿ ನನ್ನ ಕಡೆ ತಿರುಗಿ, ಕಿತ್ತವನು ನೀನೇನಾ ಎಂದು ಕೇಳಿದರು. ಹೌದೆಂದೆ.

"ನಮ್ಮತ್ತೆ ಬಂದಿದ್ಲು ಕಣಪ್ಪ. ನಲವತ್ತು ವರ್ಷ ನನ್ನ ಅರೆದೋಳು. ಇವತ್ತು ಕೈ ಇಡ್ಕೊಂಡು ತಪ್ಪಾಯ್ತು ಅನ್ನಕ್ಕೆ ಬಾಯಿ ತೆಗುದ್ಲು. ಅಷ್ಟರಲ್ಲಿ ಕಿತ್ತಾಕ್ಬುಟ್ಟೆ."

ಚಿಕ್ಕ ಪಟ್ಟಿಯಲ್ಲಿ ಯಾರೂ ಬರುವುದಿಲ್ಲ, ನೋವು ಮಾತ್ರ ಹೋಗುತ್ತದೆ ಎಂದು ಡಾಕ್ಟರು ಗಂಭೀರವಾಗಿಯೇ ಹೇಳಿದರು. ಅಜ್ಜಿ ಮೂಲೆಯ ಕಡೆ ಒಮ್ಮೆ ನೋಡಿದರು. ಆಮೇಲೆ ಮಗನ ಕಡೆ.

"ಚಿಕ್ಕದೇ ಅಂಟಿಸ್ಲಿ ಕಣ್ಲಾ, ಸುಮ್ನಿರು. ಅವ್ಳು ಕಾಯ್ಲಿ. ನಾನೆಂಗೂ ಅಲ್ಲಿಗೇ ಓಗೋಳು."