ಹೊಸ ವಿಮಾನಕ್ಕೆ ಹಳೆಯ ಕೊಳೆ

ನಮ್ಮ ಭಾವನವರಷ್ಟು ಶುಚಿಯಾದ ಮನುಷ್ಯ ಆನೇಕಲ್ ತಾಲ್ಲೂಕಿನಲ್ಲೇ ಇಲ್ಲ. ಅಂಥವರು ಹೊಚ್ಚ ಹೊಸ ಯುದ್ಧವಿಮಾನವೊಂದನ್ನು ಮನೆಗೆ ತಂದು, ಅದನ್ನು ಗಲೀಜು ಮಾಡಲು ಹನ್ನೊಂದು ತಿಂಗಳು ತೆಗೆದುಕೊಂಡರು ಎಂದರೆ ನೀವು ನಂಬುತ್ತೀರಾ? ನಂಬಬೇಡಿ. ಕಣ್ಣಾರೆ ನೋಡಿದ ನನಗೇ ನಂಬಲು ಕಷ್ಟವಾಗಿತ್ತು. ವಿಮಾನ ಎಂದ ಕೂಡಲೇ ಗಾಬರಿಯಾಗುವುದೂ ಬೇಡ. ಅದು ಗೇಣಿಗಿಂತ ಸ್ವಲ್ಪ ಉದ್ದದ ಪ್ಲಾಸ್ಟಿಕ್ ವಿಮಾನ. ಡಬ್ಬಿಯಲ್ಲಿ ಚೂರುಚೂರಾಗಿ ಬರುತ್ತದೆ, ನಾವೇ ಅಂಟಿಸಿ, ಬಣ್ಣ ಹೊಡೆದು, ಕಪಾಟಿನಲ್ಲಿಟ್ಟುಕೊಂಡು ನೋಡಬೇಕು. ಆಟದ ಸಾಮಾನು ಅಂತ ಮಾತ್ರ ಅನ್ನಬೇಡಿ. ನಾನು ಒಮ್ಮೆ ಹಾಗೆಂದು ಒಂದು ವಾರ ಆ ಮನೆಯ ಕಾಫಿ ಕಳೆದುಕೊಂಡಿದ್ದೇನೆ!

ಭಾವ ಎಂದರೆ ನನ್ನ ಅಕ್ಕನ ಗಂಡ. ಬೊಮ್ಮಸಂದ್ರದ ಒಂದು ಕಾರ್ಖಾನೆಯಲ್ಲಿ ಪೇಂಟ್ ಇನ್ಸ್‌ಪೆಕ್ಟರ್ ಆಗಿದ್ದು ನಿವೃತ್ತರಾದವರು. ಬಣ್ಣ ಹೊಡೆದ ಲೋಹದ ಭಾಗಗಳು ಸಾಲಾಗಿ ಅವರ ಮುಂದೆ ಬರಬೇಕು, ಅವರು ದೀಪದ ಕೆಳಗೆ ಓರೆಯಾಗಿ ಹಿಡಿದು ನೋಡಬೇಕು, ಒಂದು ಧೂಳಿನ ಕಣ ಕಂಡರೂ ವಾಪಸ್ ಕಳಿಸಬೇಕು. ಸಾಸಿವೆಗಿಂತ ಸಣ್ಣ ಕಣವನ್ನು ಮೂರು ಅಡಿ ದೂರದಿಂದ ಹಿಡಿಯುತ್ತಿದ್ದರಂತೆ. ಇದನ್ನು ಹೇಳಿದವರು ಅವರೇ ಆದರೂ ನಾನು ಒಪ್ಪುತ್ತೇನೆ. ಏಕೆಂದರೆ ಆ ಕಣ್ಣಿನ ಹಾವಳಿಯನ್ನು ನಮ್ಮ ಇಡೀ ಮನೆ ಅನುಭವಿಸಿದೆ.

ಅವರು ಅಕ್ಕನನ್ನು ನೋಡಲು ಸಿಂಗಸಂದ್ರದ ನಮ್ಮ ಮನೆಗೆ ಬಂದ ದಿನ ನಾನಿನ್ನೂ ಹೈಸ್ಕೂಲಿನಲ್ಲಿದ್ದೆ. ಅಕ್ಕ ಕಾಫಿ ತಟ್ಟೆ ಹಿಡಿದು ನಿಂತಿದ್ದಾಳೆ, ಇವರು ಮೂಲೆಯಲ್ಲಿದ್ದ ಬೀರುವನ್ನು ನೋಡುತ್ತಿದ್ದಾರೆ! ಐದು ನಿಮಿಷ ನೋಡಿ, ಎದ್ದುಹೋಗಿ ಬೆರಳಿನಿಂದ ಸವರಿ, "ಪೇಂಟ್ ಕಿತ್ತಳೆ ಸಿಪ್ಪೆ ಥರ ಆಗಿದೆ. ಇದನ್ನ ಹೆಂಗ್ ಪಾಸ್ ಮಾಡಿದ್ರೋ" ಅಂದರು. ಗಂಡಿನ ಕಡೆಯವರು ಹೊಸ ಬೀರು ಕೇಳುತ್ತಿದ್ದಾರೆಂದು ನಮ್ಮಪ್ಪ ಬೆವರಿಬಿಟ್ಟರು, ಅಮ್ಮ ಅಡುಗೆಮನೆಗೆ ಹೋಗಿ ಕಣ್ಣೊರೆಸಿಕೊಂಡರು. ಕೊನೆಗೆ ಅವರ ಸೋದರಮಾವನೇ, "ಬೀರು ಇರ್ಲಪ್ಪ, ಹುಡುಗಿ ಹೆಂಗೆ?" ಎಂದು ಕೇಳಬೇಕಾಯಿತು.

"ಡಿಫೆಕ್ಟ್ ಏನೂ ಕಾಣಿಸ್ಲಿಲ್ಲ" ಅಂದರು ಭಾವ.

ಈ ಒಂದು ವಾಕ್ಯವನ್ನು ಅಕ್ಕ ಮದುವೆಯಾದ ಲಾಗಾಯ್ತಿನಿಂದ ಪ್ರತಿ ಜಗಳದಲ್ಲೂ ಹೊರಗೆ ತೆಗೆಯುತ್ತಾಳೆ. ಅವಳೂ ಕಡಿಮೆಯವಳಲ್ಲ. ಚಂದಾಪುರದ ಅವರ ಮನೆ ಹೊಸೂರು ರಸ್ತೆಯಿಂದ ಕೂಗಳತೆಯಲ್ಲಿದೆ. ಲಾರಿಗಳು ಎಬ್ಬಿಸುವ ಧೂಳು ಹೊತ್ತು ಗೊತ್ತಿಲ್ಲದೆ ಒಳಗೆ ಬರುತ್ತದೆ, ಅಕ್ಕ ಹೊತ್ತು ಗೊತ್ತಿಲ್ಲದೆ ಅದನ್ನು ಒರೆಸುತ್ತಾಳೆ. ಧೂಳು ಸೋಲುವುದಿಲ್ಲ, ಅಕ್ಕನೂ ಸೋಲುವುದಿಲ್ಲ. ನಾನು ಅಲ್ಲೇ ಶಾಲೆಯೊಂದರಲ್ಲಿ ಕನ್ನಡ ಮೇಷ್ಟ್ರು, ಹುಟ್ಟಾ ಅಳುಮೋರೆಯವನು. ಕೊನೆಗೆ ಗೆಲ್ಲುವುದು ಧೂಳೇ ಎಂದು ನನಗೆ ಗೊತ್ತು. ಅಕ್ಕನಿಗೆ ಹೇಳಿಲ್ಲ.

ಹೇಳದೆ ಉಳಿಸಿಕೊಂಡದ್ದು ಇನ್ನೊಂದಿದೆ. ನಿವೃತ್ತಿಯಾದ ಮರುವರ್ಷ ಭಾವ ಎರಡು ಸಲ ಸ್ಕೂಟರನ್ನು ಮನೆಯ ಗೇಟಿಗೇ ತಾಗಿಸಿದರು. ಕಣ್ಣಿನ ಆಸ್ಪತ್ರೆಗೆ ಕರೆದುಕೊಂಡು ಹೋದವನು ನಾನು. ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು. ತುಂಬ ಮೆತ್ತಗೆ ಹೇಳಿದರು: "ಕಣ್ಣಿನ ನರ ಒಣಗ್ತಾ ಇದೆ ಸಾರ್. ಹೋಗಿದ್ದು ವಾಪಸ್ ಬರಲ್ಲ. ಡ್ರಾಪ್ಸ್ ಹಾಕಿದ್ರೆ ನಿಧಾನವಾಗಿ ಹೋಗುತ್ತೆ, ಅಷ್ಟೆ. ನಿಮಗೆ ಮೊದಲು ತೆಳು ಬಣ್ಣಗಳ ವ್ಯತ್ಯಾಸ ಕಾಣೋದು ನಿಲ್ಲುತ್ತೆ. ಆಮೇಲೆ ಮಿಕ್ಕಿದ್ದು."

"ಎಷ್ಟು ಟೈಮ್ ಇದೆ ಮೇಡಂ?"

"ಒಂದು ವರ್ಷ ಅನ್ಕೊಳ್ಳಿ. ಜಾಸ್ತಿನೂ ಇರಬಹುದು."

"ಸಾಕು" ಅಂದರು ಭಾವ. ಯಾವುದಕ್ಕೆ ಸಾಕು ಎಂದು ಕೇಳುವ ಧೈರ್ಯ ನನಗಾಗಲಿಲ್ಲ. ಬಸ್‌ಸ್ಟಾಪಿನಲ್ಲಿ ನನ್ನ ತೋಳು ಹಿಡಿದುಕೊಂಡು, "ಮೇಷ್ಟ್ರೇ, ನಿಮ್ಮಕ್ಕಂಗೆ ಹೇಳ್ಬೇಡಿ. ಕನ್ನಡಕದ ನಂಬರ್ ಬದಲಾಗಿದೆ ಅಂದ್ಬಿಡಿ" ಅಂದರು. ಹಾಗೇ ಅಂದೆ. ಅಕ್ಕನಿಗೆ ನಾನು ಹೇಳಿದ ಅತಿ ದೊಡ್ಡ ಸುಳ್ಳು ಅದು. ಮೂರನೆಯ ದಿನ ಮನೆಗೆ ವಿಮಾನದ ಪಾರ್ಸೆಲ್ ಬಂತು.

ಅಲ್ಲಿಂದ ಮಹಡಿಯ ಮೇಲಿನ ಸಣ್ಣ ಕೋಣೆ ಕಾರ್ಖಾನೆಯಾಯಿತು. ತಲೆಗೊಂದು ಭೂತಗನ್ನಡಿ, ಪಕ್ಕದಲ್ಲೊಂದು ದೀಪ, ಬಣ್ಣ ಊದುವ ಪೆನ್ನಿನಂಥ ಉಪಕರಣ, ಅದಕ್ಕೆ ಗಾಳಿ ತುಂಬುವ ಕಂಪ್ರೆಸರ್. ಮೂರು ತಿಂಗಳಲ್ಲಿ ವಿಮಾನ ಎದ್ದು ನಿಂತಿತು. ತ್ರಿಕೋನದ ರೆಕ್ಕೆ, ಚೂಪು ಮೂತಿ, ಬೂದುಬಣ್ಣ. ಎಂಥ ಬಣ್ಣ ಅಂತೀರಿ! ಎಲ್ಲೂ ಒಂದು ಕಣವಿಲ್ಲ. ಮುಗಿಯಿತೆಂದು ನಾವು ಸಮಾಧಾನಪಟ್ಟುಕೊಂಡೆವು. ಭಾವ ಅಡುಗೆಮನೆಗೆ ಹೋಗಿ ಉಪ್ಪಿನ ಡಬ್ಬಿ ಎತ್ತಿಕೊಂಡು ಬಂದರು.

ಬೆಳ್ಳಿಬಣ್ಣದ ಮೇಲೆ ನೀರು ಸವರಿ, ಉಪ್ಪಿನ ಹರಳು ಉದುರಿಸಿ, ಒಣಗಿದ ಮೇಲೆ ಬೂದುಬಣ್ಣ ಊದಿ, ಆಮೇಲೆ ಉಪ್ಪನ್ನು ಕೆರೆದುಬಿಟ್ಟರೆ ಬಣ್ಣ ಸಿಪ್ಪೆ ಎದ್ದಂತೆ ಕಾಣುತ್ತದಂತೆ. ಅಷ್ಟು ಚೆನ್ನಾಗಿ ಹೊಡೆದ ಬಣ್ಣವನ್ನು ಉಜ್ಜಿ ತೆಗೆದು ಮತ್ತೆ ಈ ರೀತಿ ಹೊಡೆದರು! ಅಂದು ಮಧ್ಯಾಹ್ನದ ಸಾರಿಗೆ ಉಪ್ಪಿರಲಿಲ್ಲ.

"ರೀ, ಜನ ವಿಮಾನಕ್ಕೆ ಉಪ್ಪು ಹಾಕ್ತಾರೇನ್ರೀ? ನಂಗೆ ಸಾರಿಗೆ ಹಾಕೋಕೆ ಒಂದು ಚಿಟಿಕೆ ಬಿಟ್ಟಿದ್ರೆ ನಿಮ್ಮ ವಿಮಾನ ಬಿದ್ದೋಗ್ತಿತ್ತಾ?" ಎಂದಳು ಅಕ್ಕ.

"ಡಾಕ್ಟ್ರು ಉಪ್ಪು ಕಮ್ಮಿ ಮಾಡಿ ಅಂದಿದಾರೆ" ಎಂದರು ಭಾವ ತಟ್ಟೆಯಿಂದ ತಲೆಯೆತ್ತದೆ. ಯಾವ ಡಾಕ್ಟರು ಎಂದು ಅಕ್ಕ ಕೇಳಲಿಲ್ಲ. ನಾನು ಮಾತ್ರ ಆ ಉಪ್ಪಿಲ್ಲದ ಸಾರನ್ನೇ ಇನ್ನೊಂದು ಸೌಟು ಹಾಕಿಸಿಕೊಂಡೆ.

ಕೆಳಗಿನ ಕೋಣೆಯಲ್ಲಿ ಕೊಪ್ಪಳದ ಕಡೆಯ ಒಬ್ಬ ಬಾಡಿಗೆದಾರನಿದ್ದ. ರಾತ್ರಿ ಪಾಳಿಯವನು, ಹಗಲು ಮಲಗಬೇಕು. ಕಂಪ್ರೆಸರಿನ ಸದ್ದಿಗೆ ನಿದ್ದೆಗೆಟ್ಟು ಒಂದು ದಿನ ಜಗಳಕ್ಕೆಂದೇ ಮೇಲೆ ಬಂದ. ಬಾಗಿಲಲ್ಲಿ ನಿಂತವನು ಜಗಳ ಮರೆತ.

"ಅಲ್ರೀ ಅಂಕಲ್, ಇಷ್ಟು ಚಂದ ಐತಿ, ಯಾಕ ಹೊಲಸು ಮಾಡಾಕತ್ತೀರಿ?"

"ಹಾರಿ ಬಂದಿರೋ ವಿಮಾನ ಕಣಯ್ಯಾ ಇದು. ಹಾರಿದ್ಮೇಲೆ ಕೊಳೆ ಆಗ್ಬೇಕಲ್ಲ?"

ಅವನು ಹತ್ತಿರ ಬಂದು ಬಗ್ಗಿ ನೋಡಿದ. "ಹಂಗಾರ ಈ ಎಣ್ಣಿ ಗೆರಿ ತಪ್ಪೈತ್ರೀ. ಎಣ್ಣಿ ಸೋರಿದ್ರ ಸೀದಾ ಕೆಳಗ ಇಳಿಯಂಗಿಲ್ಲ. ಗಾಳಿಗೆ ಹಿಂದಕ್ಕ ಎಳಕೊಂಡು ಹೋಗ್ತೈತಿ." ಭಾವ ಅವನ ಮುಖವನ್ನೇ ನೋಡಿದರು. ಹತ್ತು ದಿನದ ಕೆಲಸ ಒರೆಸಿ ಮತ್ತೆ ಶುರುಮಾಡಿದರು. ಪಾಪ, ಅವನಿಗೆ ಇನ್ನೂ ಹತ್ತು ದಿನದ ನಿದ್ದೆ ಹೋಯಿತು!

ಆಮೇಲೆ ಕೊಳೆಯ ಅಧ್ಯಯನ ಶುರುವಾಯಿತು. ಭಾನುವಾರ ಬಂತೆಂದರೆ ನನ್ನ ಬೈಕಿನ ಹಿಂದೆ ಕೂತು ಬೊಮ್ಮಸಂದ್ರಕ್ಕೆ ಹೊರಡುವುದು. ಬಸ್ಸಿನ ಹೊಗೆ ಕೊಳವೆಯ ಹಿಂದೆ ಮಸಿ ಹೇಗೆ ಹರಡಿದೆ, ನೀರಿನ ಟ್ಯಾಂಕರಿನ ತುಕ್ಕು ಎಲ್ಲಿಂದ ಇಳಿದಿದೆ, ಲಾರಿ ಹತ್ತುವವರ ಕಾಲು ತಾಗಿ ಬಣ್ಣ ಎಲ್ಲಿ ಸವೆದಿದೆ, ಎಲ್ಲವನ್ನೂ ಮೂಗು ತಾಗುವಷ್ಟು ಹತ್ತಿರ ನಿಂತು ನೋಡುತ್ತಿದ್ದರು. "ಕೊಳೆಗೂ ಒಂದು ಲೆಕ್ಕಾಚಾರ ಇರುತ್ತೆ ಮೇಷ್ಟ್ರೇ. ಸುಮ್ನೆ ಎಲ್ಲಂದ್ರಲ್ಲಿ ಕೂರಲ್ಲ ಅದು." ಒಂದು ಕಾರ್ಖಾನೆಯ ಗೇಟಿನ ಬಳಿ ನಿಂತಿದ್ದ ಲಾರಿಯ ಹಿಂಭಾಗವನ್ನು ಅರ್ಧ ಗಂಟೆ ನೋಡಿದ್ದಕ್ಕೆ ಸೆಕ್ಯೂರಿಟಿಯವನು ಬಂದು, "ಏನ್ ಸಾರ್ ಹುಡುಕ್ತಿದೀರಾ?" ಎಂದ. "ಮಸಿ" ಎಂದರು ಭಾವ. ಅವನು ನನ್ನ ಕಡೆ ತಿರುಗಿ, ಇವರನ್ನು ಮನೆಗೆ ಕರೆದುಕೊಂಡು ಹೋಗಿ ಎಂಬಂತೆ ಕೈ ಮಾಡಿದ.

ಮೂಗು ತಾಗುವಷ್ಟು ಹತ್ತಿರ ಎಂದೆನಲ್ಲ. ಮೊದಲ ಭಾನುವಾರ ಅವರು ಒಂದು ಮಾರು ದೂರದಿಂದ ನೋಡುತ್ತಿದ್ದರು.

ಸೆಕ್ಯೂರಿಟಿಯವನು ಕೈ ಮಾಡಿದ ದಿನ ಹಿಂತಿರುಗುವಾಗ ರಸ್ತೆ ಬದಿಯಲ್ಲಿ ಟೀ ಕುಡಿಯುತ್ತ ಕೇಳಿಯೇಬಿಟ್ಟೆ. "ಭಾವ, ಹೊಸದಾಗೇ ಇಟ್ಕೊಂಡು ನೋಡ್ಬಹುದಿತ್ತಲ್ಲ? ಕಣ್ಣು ಹೀಗಿರೋವಾಗ ಯಾಕೆ ಈ ಹಟ?"

ಅವರು ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದರು. "ಹೊಸದು ಸಾಕಷ್ಟು ನೋಡಿದೀನಿ. ಮೂವತ್ನಾಕು ವರ್ಷ ಹೊಸದನ್ನೇ ನೋಡಿದೀನಿ. ನಾನು ಪಾಸ್ ಮಾಡಿದ್ದೆಲ್ಲ ಪ್ಲಾಸ್ಟಿಕ್ ಸುತ್ಕೊಂಡು ಗೇಟ್ ದಾಟಿ ಹೋಯ್ತು. ಆಮೇಲೆ ಎಲ್ಲೋಯ್ತು, ಯಾರು ಬಳಸಿದ್ರು, ಬಿಸಿಲಿಗೆ ಹೆಂಗಾಯ್ತು, ಒಂದನ್ನೂ ಕಾಣೆ. ಇಪ್ಪತ್ತನೇ ವಯಸ್ಸಲ್ಲಿ ಒಂದೇ ಒಂದು ಸಲ, ಕಂಟ್ರಾಕ್ಟ್ ಕೆಲಸದಲ್ಲಿ, ಒಂದು ಫೈಟರ್ ವಿಮಾನದ ಬಾಲಕ್ಕೆ ಪೇಂಟ್ ಹೊಡೆದಿದ್ದೆ. ಅದು ಹಾರಿ ಹೋಗಿ ವಾಪಸ್ ಬಂತು. ಮೈಯೆಲ್ಲಾ ಮಸಿ, ಎಣ್ಣೆ. ಮೇಸ್ತ್ರಿ ಬೈತಾ ಇದ್ದ, ನಾನು ಸುಮ್ನೆ ನಿಂತ್ಕೊಂಡು ನೋಡ್ತಾನೇ ಇದ್ದೆ. ನನ್ನ ಕೈಕೆಲಸ ಎಲ್ಲಿಗೋ ಹೋಗಿ ಬಂದಿತ್ತಲ್ಲ ಮೇಷ್ಟ್ರೇ! ಅದನ್ನ ಇನ್ನೊಂದು ಸಲ ನೋಡ್ಬೇಕು. ಅಷ್ಟೆ."

ಟೀ ತಣ್ಣಗಾಗಿತ್ತು. ನನಗೆ ಅಳು ಬಂತು, ನೆಗಡಿ ಎಂದು ಹೇಳಿ ತಪ್ಪಿಸಿಕೊಂಡೆ.

ಮುಂದಿನ ತಿಂಗಳುಗಳು ಒಳ್ಳೆಯವಲ್ಲ. ಭಾವ ಕಂದು ಬಣ್ಣದ ಬಾಟಲಿ ಹಿಡಿದುಕೊಂಡು ಕಪ್ಪು ಎನ್ನತೊಡಗಿದರು. ದೀಪ ಒಂದಿದ್ದದ್ದು ಮೂರಾಯಿತು. ನಾನು ಹೋದಾಗಲೆಲ್ಲ, "ಇಲ್ಲಿ ಮಸಿ ಜಾಸ್ತಿ ಆಯ್ತಾ?" ಎಂದು ಕೇಳುತ್ತಿದ್ದರು. ಜಾಸ್ತಿಯಾಗಿದ್ದರೆ ಇಲ್ಲ ಎನ್ನುತ್ತಿರಲಿಲ್ಲ, ಆ ವಿಷಯದಲ್ಲಿ ಮಾತ್ರ ನಾನು ಪ್ರಾಮಾಣಿಕ. ಅವರು ಒರೆಸಿ ಮತ್ತೆ ಹಚ್ಚುತ್ತಿದ್ದರು. ನೆನಪಿನಿಂದ, ಬೆರಳಿನಿಂದ, ನನ್ನ ಮಾತಿನಿಂದ ಆ ವಿಮಾನಕ್ಕೆ ಕೊಳೆ ಕೂರುತ್ತ ಬಂತು. ನಿಜ ಹೇಳುತ್ತೇನೆ, ಅದು ಆಟದ ಸಾಮಾನಾಗಿ ಉಳಿದಿರಲಿಲ್ಲ. ಎಲ್ಲಿಂದಲೋ ಬಹಳ ದಣಿದು ಬಂದು ಮೇಜಿನ ಮೇಲೆ ಇಳಿದಂತಿತ್ತು. ಕೊಳೆ ಅಳಿಸಿಹೋಗದ ಹಾಗೆ ಮೇಲೊಂದು ವಾರ್ನಿಷ್ ಹೊಡೆಯುವುದು ಮಾತ್ರ ಬಾಕಿ. "ಹಬ್ಬ ಕಳೀಲಿ, ಇನ್ನೊಂದು ಸಲ ಪೂರ್ತಿ ನೋಡಿ ಪಾಸ್ ಮಾಡ್ತೀನಿ" ಅಂದಿದ್ದರು.

ಆಯುಧಪೂಜೆಯ ದಿನ ಊಟಕ್ಕೆ ಹೋದೆ. ಭಾವ ಹಳೆಯ ಕಾರ್ಖಾನೆಯ ಪೂಜೆಗೆ ಹೋಗಿದ್ದರು. ಮನೆಯಲ್ಲಿ ಸ್ಕೂಟರ್, ಮಿಕ್ಸಿ, ಹೊಲಿಗೆ ಯಂತ್ರ, ಈಳಿಗೆಮಣೆ, ಎಲ್ಲಕ್ಕೂ ಸ್ನಾನವಾಗಿ ಕುಂಕುಮವಾಗಿತ್ತು. ಆ ಸಾಲಿನ ಕೊನೆಯಲ್ಲಿ, ಮಣೆಯ ಮೇಲೆ, ಚೆಂಡುಹೂವಿನ ಹಾರ ಹಾಕಿಕೊಂಡು, ಮದುಮಗನ ಹಾಗೆ ಥಳಥಳ ಹೊಳೆಯುತ್ತ, ವಿಮಾನ!

"ಅಕ್ಕಾ, ಏನೇ ಇದು?"

"ಸೋಪಿನ ನೀರಲ್ಲಿ ತೊಳೆದೆ ಕಣೋ. ಹಳೇ ಬ್ರಷ್ ತಗೊಂಡು ಸಂದಿಗೊಂದಿ ಎಲ್ಲಾ ಉಜ್ಜಿದೀನಿ. ಈ ಚುಕ್ಕೆ ಚುಕ್ಕೆ ಕಲೆ ಮಾತ್ರ ಹೋಗ್ಲಿಲ್ಲ ನೋಡು. ಯುದ್ಧವಿಮಾನ ಅಲ್ವೇನೋ? ಅದಕ್ಕಿಂತ ಆಯುಧ ಇನ್ಯಾವುದಿದೆ? ಫ್ಯಾಕ್ಟರಿ ಮಿಷನ್ನೆಲ್ಲಾ ಇವತ್ತು ತೊಳೆಯಲ್ವಾ? ಒಂದು ದಿನ ಕ್ಲೀನಾಗಿರ್ಲಿ. ನಾಳೆಯಿಂದ ಮತ್ತೆ ಗಲೀಜು ಮಾಡ್ಕೊಳ್ಳಲಿ, ಹೆಂಗೂ ದಿನಾ ಅದೇ ಕೆಲಸ!"

ಉಪ್ಪಿನಿಂದ ಎಬ್ಬಿಸಿದ ಸಿಪ್ಪೆ ಕಲೆಗಳಷ್ಟೇ ಉಳಿದಿದ್ದವು. ಮಸಿ, ಎಣ್ಣೆ, ಕಾಲಿನ ಗುರುತು, ಎಲ್ಲ ಬಚ್ಚಲಿಗೆ ಹೋಗಿತ್ತು. ಹನ್ನೊಂದು ತಿಂಗಳ ಕೆಲಸ ಅಕ್ಕ ಎಂದೆ. ಮತ್ತೆ ಮಾಡೋಕಾಗಲ್ವಾ ಎಂದಳು. ನಾನು ಹಾರ ಸರಿಸಿ ಬಾಲವನ್ನು ಬೆರಳಿನಿಂದ ಸವರಿದೆ, ಒಂದು ಚೂರು ಮಸಿಯೂ ಅಂಟಲಿಲ್ಲ. ಅವಳ ಮುಖ ಬಿಳಿಚಿಕೊಂಡಿತು. ಸರಸರ ಹಾರ ತೆಗೆದು, ಸೆರಗಿನಿಂದ ಕುಂಕುಮ ಒರೆಸಿದಳು. ಗೇಟಿನ ಸದ್ದಾಯಿತು. ಭಾವ ಕಡ್ಲೆಪುರಿಯ ಪೊಟ್ಟಣ ಹಿಡಿದು ಗೋಡೆ ತಡವುತ್ತ ಒಳಗೆ ಬಂದು, ಮಣೆಯ ಮೇಲಿನ ವಿಮಾನವನ್ನು ಕಂಡರು.

"ಓಹೋ, ಕೆಳಗೆ ಇಳಿಸಿದೀರಾ ಇದನ್ನ? ಪೂಜೆಗಾ? ಒಳ್ಳೇದಾಯ್ತು." ಕೂತುಕೊಂಡು ಎರಡೂ ಕೈಯಿಂದ ಎತ್ತಿ, ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದರು. ಅಕ್ಕ ಹಾರವನ್ನು ಸೆರಗಿನೊಳಗೆ ಮುಚ್ಚಿಟ್ಟುಕೊಂಡಳು. ಒಂದು ನಿಮಿಷ ಕಳೆಯಿತು. ಎರಡಾಯಿತು. ಅವರ ತುಟಿಯಲ್ಲಿ ನಗು ಬಂತು.

"ನೋಡಿ ಮೇಷ್ಟ್ರೇ, ಬಾಲದ ಹತ್ರ ಮಸಿ ಎಷ್ಟು ಚೆನ್ನಾಗಿ ಕೂತಿದೆ. ಅವತ್ತು ಬಂದಿತ್ತಲ್ಲ, ಥೇಟ್ ಹಂಗೇ. ಮುಗೀತು. ಪಾಸ್!"

ಜೀವಮಾನದಲ್ಲಿ ಯಾವುದನ್ನೂ ಒಂದೇ ಸಲಕ್ಕೆ ಪಾಸ್ ಮಾಡದ ಮನುಷ್ಯ!

ಅಕ್ಕ ನನ್ನ ಕಡೆ ತಿರುಗಿದಳು. ನಾನು ತಲೆ ತಗ್ಗಿಸಿದೆ. ಕನ್ನಡಕದ ನಂಬರಿನ ಕಥೆ ಅಲ್ಲಿಗೆ ಮುಗಿಯಿತು. ಅವಳು ಅಳುತ್ತಾಳೆ, ನನ್ನನ್ನು ಬಯ್ಯುತ್ತಾಳೆ ಎಂದುಕೊಂಡೆ. ಅವಳು ಹೋಗಿ ಗಂಡನ ಪಕ್ಕದಲ್ಲಿ ನೆಲದ ಮೇಲೆ ಕೂತಳು.

"ಥೂ, ಏನ್ ಗಲೀಜು ಕಣ್ರೀ! ಹಬ್ಬದ ದಿನ ಇದನ್ನ ಮುಟ್ಟಿದ ಕೈ ತೊಳ್ಕೊಬೇಕು" ಎಂದಳು. ಭಾವನ ಮುಖ ಅರಳಿತು.

"ಅಷ್ಟೊಂದು ಕಾಣುತ್ತಾ?"

"ಕಾಣದೆ ಏನು? ಇಲ್ಲಿ ನೋಡಿ, ರೆಕ್ಕೆ ಕೆಳಗೆ ಎಣ್ಣೆ ಸೋರಿದೆ. ಗಾಳಿಗೆ ಹಿಂದಕ್ಕೆ ಎಳ್ಕೊಂಡು ಹೋಗಿದೆ. ಇಲ್ಲಿ ಪೈಲಟ್ಟು ಹತ್ತೋ ಕಡೆ ಬೂಟಿನ ಗುರುತು. ಇಲ್ಲಿ ಮಸಿ, ಇನ್ನೂ ಇಲ್ಲಿವರೆಗೂ ಬಂದಿದೆ." ಹನ್ನೊಂದು ತಿಂಗಳು ಬೈದುಕೊಂಡೇ ಓಡಾಡಿದವಳು ಇಷ್ಟೆಲ್ಲ ಯಾವಾಗ ನೋಡಿಟ್ಟುಕೊಂಡಿದ್ದಳೋ! ಭಾವ ಒಂದೊಂದಕ್ಕೂ ಹೂಂ, ಹೂಂ ಎಂದು ತಲೆಯಾಡಿಸುತ್ತಿದ್ದರು. ಅವಳು ಅವರ ಬೆರಳು ಹಿಡಿದುಕೊಂಡು ನಿಧಾನವಾಗಿ ಒಂದೊಂದೇ ಜಾಗ ತೋರಿಸುತ್ತ ಹೋದಳು. ತೋರಿಸಿದ ಜಾಗವೆಲ್ಲ ಫಳಫಳ ಹೊಳೆಯುತ್ತಿತ್ತು.