ಕರೆಂಟಿನ ನೀರು, ಗ್ಯಾಸಿನ ನೀರು

ನಾನು ಲೆಕ್ಕ ಹಾಕಲು ಕೂತರೆ ಸಾಕು, ಮನೆಯಲ್ಲಿ ಏನಾದರೊಂದು ಆಗ್ತದೆ. ಕಾರವಾರದ ಆಫೀಸಿನಲ್ಲಿ ಇಪ್ಪತ್ತು ವರ್ಷದಿಂದ ಲೆಕ್ಕ ಬರೆಯೋದೇ ನನ್ನ ಕೆಲಸ. ಅಲ್ಲಿ ಹೀಗೆಲ್ಲ ಆಗೋದಿಲ್ಲ.

ಒಪ್ಪಂದ

ಸ್ನಾನದ ನೀರಿಗೆ ಗೀಸರ್ ತರೋದು ಅಂತ ಆಯ್ತು. ಕರೆಂಟಿನದು ಅಗ್ಗ ಅಂತ ನಾನು, ಗ್ಯಾಸಿನದು ಅಗ್ಗ ಅಂತ ಹೆಂಡತಿ. ಬಾಳೆಗುಳಿಯ ಅಂಗಡಿಯವ ನಮ್ಮೂರು ಭಾವಿಕೇರಿಯವನೇ. ಎರಡನ್ನೂ ಕೂಡಿಸಿಕೊಡ್ತೇನೆ, ಒಂದೊಂದು ತಿಂಗಳು ನೋಡಿ, ಸೋತದ್ದನ್ನು ವಾಪಸ್ ಒಯ್ತೇನೆ ಅಂದ. ಯಾವುದು ಗೆದ್ದರೂ ಬಚ್ಚಲ ಒಲೆ ಒಡೆದು ಅಲ್ಲಿ ವಾಷಿಂಗ್ ಮಷಿನ್ ಇಡೋದು. ಇದರಲ್ಲಿ ಮಾತ್ರ ನಮ್ಮಿಬ್ಬರದು ಒಂದೇ ಮಾತು.

ಆ ಒಲೆ ಆಯಿಯದು, ನನ್ನ ಅಮ್ಮನದು. ಮದುವೆಯಾಗಿ ಬಂದಾಗಿನಿಂದ ದಿನಾ ಬೆಳಿಗ್ಗೆ ಅದರ ಮುಂದೆ ಕೂತು ತೆಂಗಿನ ಸಿಪ್ಪೆ ಹಾಕಿ ಉರಿ ಮಾಡುವವಳು ಅವಳು. ಅದಿಲ್ಲದೆ ಅವಳಿಗೆ ಬೆಳಗೇ ಆಗೋದಿಲ್ಲ. ಆದರೂ "ಆಗ್ಲಿ" ಅಂದಳು, ಅಷ್ಟೇ. ನಮಗೆ ಬಕೆಟ್ ತುಂಬಿಡುವ ಕೆಲಸ ಮಾತ್ರ ಬಿಟ್ಟುಕೊಡಲಿಲ್ಲ. ನಳ ತಿರುಗಿಸಲು ನಂಗೂ ಬರ್ತದೆ ಅಂದಳು.

ಕರೆಂಟಿನ ತಿಂಗಳು

ದಿನಾ ಮೀಟರ್ ನೋಡಿ ಬರೆದಿಟ್ಟೆ. ಮೊದಲಿಗಿಂತ ಒಂದು ಯೂನಿಟ್ಟೂ ಹೆಚ್ಚಿಲ್ಲ. ನೀರಿಗೆ ತುಸು ಹೊಗೆ ವಾಸನೆ ಇತ್ತು. ಹೊಸ ಮಷಿನಲ್ವಾ, ಹೋಗ್ತದೆ ಅಂದುಕೊಂಡೆ. ಆಫೀಸಿನಲ್ಲಿ ನನ್ನ ಲೆಕ್ಕ ತೋರಿಸಿದೆ ನೋಡಿ, ಮೂವರು ಅದೇ ವಾರ ಕರೆಂಟಿನ ಗೀಸರ್ ಹಾಕಿಸಿದರು.

ಬಚ್ಚಲ ಕಡೆ ಹೊಗೆ ಎಂತಕ್ಕೆ ಅಂತ ಕೇಳಿದ್ದಕ್ಕೆ ಆಯಿ, ಸೊಳ್ಳೆಗೆ ಅಂದಳು. ನಿಜ ಹೇಳ್ಬೇಕಂದ್ರೆ ಆ ತಿಂಗಳು ಸೊಳ್ಳೆಯೂ ಕಡಿಮೆ ಇತ್ತು.

ಗ್ಯಾಸಿನ ತಿಂಗಳು

ಗೀಸರಿಗೆಂದೇ ಇಟ್ಟ ಸಿಲಿಂಡರ್ ತೂಗಲು ಬೈತಖೋಲದ ಮೀನು ವ್ಯಾಪಾರಿಯೊಬ್ಬರ ತಕ್ಕಡಿ ಕೇಳಿ ತಂದೆ. ಪ್ರತಿ ಭಾನುವಾರ ತೂಗಿದರೂ ಅಷ್ಟೇ ತೂಕ. ಹೆಂಡತಿ ಗೆದ್ದ ಮುಖ ಮಾಡಿಕೊಂಡು ಓಡಾಡಿದಳು. ನಂಗೆ ಹೊಟ್ಟೆ ಉರಿದು, ನಿಮ್ಮ ತಕ್ಕಡಿ ಸರಿ ಇಲ್ಲ, ತೂಕ ಇಳಿಯುವುದೇ ಇಲ್ಲ ಅಂತ ವ್ಯಾಪಾರಿಗೆ ಫೋನ್ ಮಾಡಿದೆ.

"ಮೀನಿನ ತಕ್ಕಡಿ ಮಾರಾಯ್ರೇ" ಅಂದರು ಅವರು, "ಕಡಿಮೆ ತೋರಿಸಿ ಅದಕ್ಕೆ ಅಭ್ಯಾಸ ಇಲ್ಲ."

ತೀರ್ಪು

ಎರಡರದ್ದೂ ಖರ್ಚು ಸೊನ್ನೆ. ಯಾವುದನ್ನು ಒಯ್ಯಲಿ ಅಂತ ಅಂಗಡಿಯವ ಬಂದ. ಒಲೆ ಒಡೆಯಲು ಮೇಸ್ತ್ರಿಯೂ ಬಂದು ನಿಂತಿದ್ದ. ನೋಡುವಾ ಅಂತ ಮೊದಲು ಕರೆಂಟಿನದನ್ನು ಬಿಚ್ಚಿಸಿದೆ. ಒಳಗಿಂದ ಒಂದು ಹನಿ ನೀರೂ ಬೀಳಲಿಲ್ಲ. ಇದರೊಳಗೆ ಈವರೆಗೆ ನೀರೇ ಹೋಗಿಲ್ಲ ಅಂದ ಅಂಗಡಿಯವ.

ಎಲ್ಲರೂ ಆಯಿಯ ಕಡೆ ತಿರುಗಿದೆವು. ಅವಳು ಒಲೆಯ ಮುಂದೆಯೇ ಕೂತಿದ್ದಳು. ಹಂಡೆಯಲ್ಲಿ ನೀರು ಮರಳ್ತಾ ಇತ್ತು.

"ಖರ್ಚು ಎಷ್ಟಾಯ್ತು ಅಂತ ದಿನಾ ಬರೆದೆ ತಮ್ಮಾ" ಅಂದಳು. "ನೀರು ಎಲ್ಲಿಂದ ಬಂತು ಅಂತ ಒಂದಿನಾನೂ ಕೇಳ್ಲಿಲ್ಲ."

ಮೇಸ್ತ್ರಿಗೆ ಚಾ ಕೊಟ್ಟು ಕಳಿಸಿದೆವು. ಎರಡು ಗೀಸರೂ ಬಾಳೆಗುಳಿಗೆ ವಾಪಸ್ ಹೋದವು.

ಆಫೀಸಿನ ಆ ಮೂವರು ಮಾತ್ರ ಈಗಲೂ ಕರೆಂಟ್ ಬಿಲ್ ಹಿಡಿದು ನನ್ನ ಮೇಜಿಗೆ ಬರ್ತಾರೆ. ನಮ್ಮಲ್ಲಿ ಇಷ್ಟು ಬರ್ತದಲ್ಲ, ನಿಮ್ಮ ಮನೆಯದು ಯಾವ ಕಂಪನಿಯದು ಅಂತ ಕೇಳ್ತಾರೆ.

"ಹಳೇ ಕಂಪನಿ" ಅಂತೇನೆ. "ಆ ಮಾಡೆಲ್ ಈಗ ಬರೋದಿಲ್ಲ."