ಮೋಟಾರಿನ ಬಾಗಿಲಿಗೆ ಹೊಲಿದ ಕೌದಿ

ಗಂಡಸರು ಮನೆಗೆ ತರುವ ವಸ್ತು ಯಾವಾಗಲೂ ಅರ್ಧವೇ ಬಂದಿರುತ್ತದೆ; ಉಳಿದರ್ಧವನ್ನು ಹೆಂಗಸರು ಮಾಡಿ ಮುಗಿಸಬೇಕು. ನಮ್ಮ ಮನೆಯವರು ಎಮ್ಮೆ ತಂದರು, ಹಗ್ಗ ತರಲಿಲ್ಲ. ಗೋಡೆ ಗಡಿಯಾರ ತಂದರು, ಮೊಳೆ ಹೊಡೆದವಳು ನಾನು. ಅವರು ಹೋದ ಮೇಲೆ ಆ ಚಾಳಿಯನ್ನು ಮಗ ಶರಣಪ್ಪ ಮುಂದುವರಿಸಿದ. ಅವನು ತಂದದ್ದು ಮೇಲೆ ಮುಚ್ಚಳವಿಲ್ಲದ ಮೋಟಾರು. ನಿಜಾಮನ ರಾಜ್ಯ ಮುಗಿದ ಮೇಲೆ ಜಾಗೀರದಾರರ ಮನೆಯೊಂದು ಗಂಟುಮೂಟೆ ಕಟ್ಟಿಕೊಂಡು ಹೈದರಾಬಾದಿಗೆ ಹೋಗುವಾಗ ಬಿಟ್ಟುಹೋದದ್ದು. ಮಡಚುವ ಬಟ್ಟೆಯ ಟಾಪು ಒಂದು ಕಾಲಕ್ಕೆ ಇತ್ತಂತೆ. ಅದನ್ನು ಜಾಗೀರದಾರರ ಇಲಿಗಳು ಮೊದಲೇ ತಿಂದು ಮುಗಿಸಿದ್ದವು. ಸಿಂಧನೂರಿನ ಬಿಸಿಲಿನಲ್ಲಿ ಅಂಥ ಮೋಟಾರಿನಲ್ಲಿ ಕೂಡುವುದೆಂದರೆ ರೊಟ್ಟಿ ಹಂಚಿನ ಮೇಲೆ ಕೂತ ಹಾಗೆ. ಆದರೂ ನನ್ನ ಮಗ ಕಾಳುಕಡಿ ಅಂಗಡಿ ಬಿಟ್ಟು ದಿನಕ್ಕೊಮ್ಮೆಯಾದರೂ ಅದರಲ್ಲಿ ಊರು ಸುತ್ತಿ ಬರುತ್ತಿದ್ದ. ಬಲಗೈಯನ್ನು ಮಾತ್ರ ಬಾಗಿಲ ಮೇಲೆ ಊರಲೇಬೇಕು. ಜಾಗೀರದಾರರು ಹಾಗೆಯೇ ಕೂಡುತ್ತಿದ್ದರಂತೆ. ಜಾಗೀರದಾರರ ಮೊಣಕೈ ಯಾವುದರಿಂದ ಮಾಡಿದ್ದೋ ಗೊತ್ತಿಲ್ಲ, ನನ್ನ ಮಗನದು ಬೊಬ್ಬೆ ಎದ್ದಿತು.

ಹೈದರಾಬಾದಿನಿಂದ ಬಾಗಿಲಿಗೆ ಚರ್ಮದ ಗವಸು ತರಿಸುತ್ತೇನೆ ಎಂದ. ಅಷ್ಟು ದಿನ ಕಾಯಲು ನಮಗೆ ಪುರಸೊತ್ತಿರಲಿಲ್ಲ. ಮೊಮ್ಮಗಳು ನೀಲಮ್ಮನಿಗೆ ಲಿಂಗಸುಗೂರಿನ ಒಂದು ಮನೆಯ ಮಾತು ನಡೆದಿತ್ತು. ಹುಡುಗ ನೋಡಿ ಒಪ್ಪಿ ಹೋಗಿದ್ದ; ಇನ್ನು ಅವನ ತಾಯಿ ಗುರುಬಸವ್ವ ಬಂದು ನಮ್ಮ ಮನೆ ನೋಡುವುದೊಂದು ಬಾಕಿ. ಆಕೆಯ ಹೆಸರು ಕೇಳಿದರೆ ಹೆಣ್ಣು ಹೆತ್ತವರು ನೀರು ಕುಡಿಯುತ್ತಿದ್ದರು. ಮುದಗಲ್ಲಿನ ಒಂದು ಮನೆಯನ್ನು, ಬಚ್ಚಲು ನೋಡಿ ಬೇಡವೆಂದಿದ್ದಳು. ಇನ್ನೊಂದು ಮನೆಯಲ್ಲಿ ಮಜ್ಜಿಗೆ ಕುಡಿದು ಲೋಟ ಕೆಳಗಿಟ್ಟವಳು, ಮಾತಿಲ್ಲದೆ ಎದ್ದು ಬಂದಿದ್ದಳು. ನಮ್ಮ ನೀಲಮ್ಮ ಮಾತ್ರ ಹುಡುಗನ ಫೋಟೊವನ್ನು ಪೆಟ್ಟಿಗೆಯ ಧೂಳು ಒರೆಸುವ ನೆಪದಲ್ಲಿ ಮತ್ತೆ ಮತ್ತೆ ತೆಗೆದು ನೋಡುತ್ತಿದ್ದಳು. ಆ ಪೆಟ್ಟಿಗೆಯ ಮೇಲೆ ಅಷ್ಟು ಧೂಳು ಎಂದೂ ಕೂತಿರಲಿಲ್ಲ. ನಾನು ಕಂಡೂ ಕಾಣದವಳ ಹಾಗೆ ಇದ್ದೆ, ಆದರೆ ಎದೆಯಲ್ಲಿ ಹೆದರಿಕೆ ಹೊಕ್ಕಿತು. ಗುರುಬಸವ್ವನನ್ನು ಮೋಟಾರಿನಲ್ಲೇ ಕರೆತರಬೇಕೆಂದು ಶರಣಪ್ಪ ಹಟ ಹಿಡಿದಿದ್ದ. ಬಾಗಿಲ ಕಾದ ತಗಡಿಗೆ ಆಕೆಯ ಮೊಣಕೈ ತಾಗಿತೋ, ಮನೆ ನೋಡುವ ಮೊದಲೇ ಮಾತು ಮುರಿಯುತ್ತದೆ.

ನಾನೇ ಸೂಜಿ ಹಿಡಿದೆ. ಕೌದಿ ಹೊಲಿಯುವ ಕೈಗೆ ಬಾಗಿಲು ಯಾವ ಲೆಕ್ಕ? ಹಳೆಯ ಧೋತರವನ್ನು ಪದರು ಪದರಾಗಿ ಮಡಚಿ, ಮೇಲೆ ಇಳಕಲ್ ಸೀರೆಯ ಸೆರಗಿನ ತುಂಡು ಹಾಕಿ, ಬಾಗಿಲ ಮೇಲೆ ಮಡಚಿ ಕೂಡುವ ಹಾಗೆ ಉದ್ದನೆಯ ಗವಸು ಹೊಲಿದು, ಕೆಳಗೆ ಕಟ್ಟಲು ಲಾಡಿ ಇಟ್ಟೆ. ಮೊದಲನೆಯದು ದಪ್ಪವಾಗಿ ಬಾಗಿಲು ಮುಚ್ಚಲೇ ಇಲ್ಲ. ಬಾಗಿಲನ್ನು ಸ್ವಲ್ಪ ಹೆರೆಸು ಎಂದರೆ ಶರಣಪ್ಪ ನನ್ನ ಮುಖ ನೋಡಿದ. ಬಿಚ್ಚಿ ಮತ್ತೆ ಹೊಲಿದೆ. ಎಲ್ಲ ಬಾಗಿಲಿಗೂ ತೊಡಿಸಿದ ಮೇಲೆ ಮೋಟಾರು ಸಿಂಗಾರ ಮಾಡಿದ ಎತ್ತಿನ ಹಾಗೆ ಕಂಡಿತು. ನನಗೇನೋ ಚೆಂದವೇ ಅನಿಸಿತು.

ಇನ್ನು ಹೊಟ್ಟೆ ತುಂಬಿಸುವ ಮಾತು. ನಮ್ಮ ಮನೆಯಲ್ಲಿ ಕೌದಿಯ ಕೊನೆಯ ಮೂಲೆಯನ್ನು ಖಾಲಿ ಮುಚ್ಚುವುದಿಲ್ಲ, ಒಳಗೆ ಒಂದು ಚೂರು ಬೆಲ್ಲ ಇಟ್ಟು ಹೊಲಿಯುತ್ತೇವೆ. ಕೌದಿ ಹಸಿದಿದ್ದರೆ ಹೊದ್ದವರಿಗೆ ನಿದ್ದೆ ಹತ್ತುವುದಿಲ್ಲ ಎಂದು ನನ್ನ ಅತ್ತೆ ಹೇಳುತ್ತಿದ್ದರು. ಮೋಟಾರಿನ ಬಾಗಿಲ ಮೇಲೆ ಯಾರೂ ಮಲಗುವುದಿಲ್ಲ, ನಿಜ. ಆದರೆ ಸಂಬಂಧ ಕುದುರಬೇಕಾದ ಹೊತ್ತಿನಲ್ಲಿ ಹಸಿದ ಗವಸನ್ನು ಬೀಗತಿಯ ಕೈಕೆಳಗೆ ಇಡುವುದಕ್ಕೆ ನನಗೆ ಧೈರ್ಯ ಬರಲಿಲ್ಲ. ಚೂರು ಸಾಲದೆಂದು ಒಂದೊಂದಕ್ಕೂ ಹಿಡಿಗಾತ್ರದ ಬೆಲ್ಲದ ಉಂಡೆಯನ್ನೇ ಇಟ್ಟೆ.

ಆಕೆಯನ್ನು ಕರೆತರುವ ದಿನ ಬೆಳಿಗ್ಗೆ ಲಿಂಗಸುಗೂರಿಗೆ ಹೋಗುವಾಗ ತಂಪು ಹೊತ್ತು, ಏನೂ ಆಗಲಿಲ್ಲ. ತಿರುಗಿ ಬರುವಾಗ ಬಿಸಿಲು ನೆತ್ತಿಗೇರಿತ್ತು. ಗುರುಬಸವ್ವನ ಗಂಡ ಮುಂದೆ ಶರಣಪ್ಪನ ಪಕ್ಕದಲ್ಲಿ ಕೂತು, ಸಿಂಧನೂರಿಗೆ ಬರಲಿರುವ ಕಾಲುವೆಯ ಮಾತು ತೆಗೆದಿದ್ದರು. ಹಿಂದೆ ನಾನು ಮತ್ತು ಆಕೆ. ಮಸ್ಕಿಯಲ್ಲಿ ಚಹಾಕ್ಕೆಂದು ಬೇವಿನ ಮರದ ಕೆಳಗೆ ನಿಲ್ಲಿಸಿದೆವು. ಚಹಾ ಕುಡಿದು ಬಂದು ನೋಡುತ್ತೇನೆ: ಆಕೆ ಕೂಡುವ ಕಡೆಯ ಬಾಗಿಲಿಗೆ ಮರದ ಬೊಡ್ಡೆಯಿಂದ ಕೆಂಪಿರುವೆಯ ಸಾಲು. ಬೆಲ್ಲ ಕರಗಿ ಮೂಲೆಯಲ್ಲಿ ಕಪ್ಪಗೆ ಜಿನುಗಿತ್ತು. ಸೆರಗಿನಿಂದ ಎರಡು ಸಲ ಝಾಡಿಸುವುದರೊಳಗೆ ಆಕೆ ಬಂದು ಕೂತೇಬಿಟ್ಟಳು. ಕೂತವಳೇ ಮೊಣಕೈಯನ್ನು ಆ ಮೂಲೆಯ ಪಕ್ಕಕ್ಕೇ ಊರಿದಳು.

ಅಲ್ಲಿಂದ ಮುಂದೆ ರಸ್ತೆ ನಾನು ನೋಡಲಿಲ್ಲ, ಇರುವೆ ನೋಡುತ್ತ ಬಂದೆ. ಒಳಗೆ ಅವಿತಿದ್ದವು ಒಂದೊಂದಾಗಿ ಹೊರಗೆ ಬರುತ್ತಿದ್ದವು. ಆ ಕೈ ತೆಗೆಸಲು ಎಲೆ ಅಡಿಕೆ ಕೊಟ್ಟೆ; ಆಕೆ ಒಂದೇ ಕೈಯಲ್ಲಿ ಮಡಚಿ ಬಾಯಿಗಿಟ್ಟುಕೊಂಡಳು. ಕೈಯ ಪಾಟ್ಲಿ ಬಳೆ ಯಾವ ಊರಲ್ಲಿ ಮಾಡಿಸಿದ್ದು ಎಂದು ಕೇಳಿದೆ. ಇನ್ನೊಂದು ಕೈಯ ಪಾಟ್ಲಿ ತೋರಿಸಿದಳು. ಕೊನೆಗೆ, ಈ ಕಡೆ ಗಾಳಿ ಚೆನ್ನಾಗಿದೆ, ಜಾಗ ಬದಲಿಸೋಣ ಎಂದೆ.

"ಬ್ಯಾಡ್ರಿ, ನನಗ ಇಲ್ಲೇ ಹಿತ ಐತಿ," ಎಂದಳು. "ಕೈ ಊರಿದ್ರ ಮೆತ್ತಗ ಐತ್ರಿ."

ಜೀವಮಾನದಲ್ಲಿ ನನ್ನ ಹೊಲಿಗೆಯನ್ನು ಯಾರೋ ಹೊಗಳಿದಾಗ ನಾನು ಬೆವತದ್ದು ಅದೊಂದೇ ಸಲ. ಬಾಯಿ ಬಿಟ್ಟು ಹೇಳಿಬಿಡಬಹುದಿತ್ತು. ಊರಿಗೆಲ್ಲ ಮುಖದ ಮೇಲೆ ಹೇಳುವವಳು ನಾನು. ಆದರೆ ಫೋಟೊ ಒರೆಸುವ ಹುಡುಗಿ ಕಣ್ಣ ಮುಂದೆ ಬಂದು ನಾಲಿಗೆ ಒಳಗೇ ಉಳಿಯಿತು. ಅಷ್ಟರಲ್ಲಿ ಗುರುಬಸವ್ವ ಥಟ್ಟನೆ ಕೈ ಎತ್ತಿದಳು, ಕುಪ್ಪಸದ ತೋಳು ಕೊಡವಿದಳು, ಮೋಟಾರು ನಿಲ್ಲಿಸಲು ಹೇಳಿದಳು. ಇಳಿದು ನಿಂತು, ತೋಳು ಉಜ್ಜಿಕೊಳ್ಳುತ್ತ ಗವಸಿನ ಮೂಲೆಯನ್ನು ಬೆರಳಿನಿಂದ ಒತ್ತಿ, ಬೆರಳು ಮೂಸಿದಳು.

"ಹೊಟ್ಟಿಗೆ ಬೆಲ್ಲ ಹಾಕೀರೇನು?"

"ಹೂಂನ್ರಿ. ನಮ್ಮ ಕಡೆ ಪದ್ಧತಿ."

"ನಾವೂ ಹಾಕ್ತೀವ್ರಿ. ನಾಕು ಕಾಳು ಜ್ವಾಳ ಹಾಕ್ತೀವಿ. ಹೊಟ್ಟಿ ತುಂಬಿದ್ರ ಸಾಕು, ಅದಕ್ಯಾಕ ಸಿಹಿ ಊಟ?" ಎಂದು ನನ್ನನ್ನು ಮೇಲಿನಿಂದ ಕೆಳಗೆ ನೋಡಿದಳು. "ಹುಡುಗಿಗೆ ಕೆಲಸಾ ಬೊಗಸಿ ಯಾರು ಕಲಿಸ್ಯಾರ? ನೀವೇ ಏನು?"

ಈ ಪ್ರಶ್ನೆ ಬೇರೆ ದಿನ ಬಂದಿದ್ದರೆ ನಾನು ಎದೆ ಸೆಟೆಸಿ ಉತ್ತರ ಕೊಡುತ್ತಿದ್ದೆ. ನೀಲಮ್ಮನ ಕೈ ಹಿಡಿದು ಸೂಜಿಯ ಮೊದಲ ಟಾಕು ಹಾಕಿಸಿದವಳು ನಾನು, ರೊಟ್ಟಿ ಬಡಿಯಲು ಕಲಿಸಿದವಳೂ ನಾನು. ಶರಣಪ್ಪ ಮುಂದಿನಿಂದ ತಿರುಗಿ ನನ್ನನ್ನೇ ನೋಡುತ್ತಿದ್ದ.

"ಇಲ್ರಿ," ಎಂದೆ. "ಆಕಿ ಅವ್ವ ಕಲಿಸ್ಯಾಳ. ನನ್ನ ಕೈಗೆ ಬಿಟ್ಟಿಲ್ಲ."

ಗುರುಬಸವ್ವ ಮೋಟಾರು ಹತ್ತಿದಳು. ಸಿಂಧನೂರು ಮುಟ್ಟುವ ತನಕ ಎರಡೂ ಕೈಗಳನ್ನು ತೊಡೆಯ ಮೇಲೆಯೇ ಇಟ್ಟುಕೊಂಡಿದ್ದಳು. ಮನೆಯಲ್ಲಿ ಬಚ್ಚಲು ನೋಡಿದಳು, ಮಜ್ಜಿಗೆ ಕುಡಿದಳು. ಆಮೇಲೆ ನನ್ನ ಸೊಸೆಯನ್ನು ಕರೆದು, ಮಗಳಿಗೆ ಎಲ್ಲ ಕಲಿಸಿದವಳು ನೀನೇ ಏನು ಎಂದು ಕೇಳಿದಳು. ಸೂಜಿಗೆ ದಾರ ಪೋಣಿಸಲು ಇವತ್ತಿಗೂ ಮಗಳನ್ನು ಕರೆಯುವ ನನ್ನ ಸೊಸೆ ನನ್ನ ಮುಖ ನೋಡಿದಳು. ನಾನು ಮೇಲಿನ ತೊಲೆ ನೋಡಿದೆ. ಅವಳು ಶಾಣ್ಯಾಕಿ, ಹೌದೆಂದಳು. ಹಾಗಾದರೆ ತಮ್ಮ ಒಪ್ಪಿಗೆ ಇದೆ, ಮದುವೆಗೆ ಬೇರೇನೂ ಬೇಡ, ತಾಯಿಯ ಕೈಯಾರೆ ಹೊಲಿದ ಒಂದು ಜೊತೆ ಕೌದಿ ಕೊಟ್ಟರೆ ಸಾಕು ಎಂದಳು ಗುರುಬಸವ್ವ.

ಆ ಕೌದಿಗಳನ್ನು ಹಿತ್ತಲಿನ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಕೂತು ನಾನು ಹೊಲಿದೆ. ಸೊಸೆ ಹೊರಗೆ ಕಟ್ಟೆಯ ಮೇಲೆ ತೊಡೆ ತುಂಬ ಬಟ್ಟೆ ಹರವಿಕೊಂಡು, ಬಂದುಹೋಗುವವರಿಗೆ ಕಾಣುವ ಹಾಗೆ ಕೂಡುತ್ತಿದ್ದಳು. ಮದುವೆಯ ಮರುದಿನ ಗುರುಬಸವ್ವ ಕೌದಿಗಳನ್ನು ಬಿಚ್ಚಿ, ಹತ್ತು ಹೆಂಗಸರ ಎದುರಿಗೆ ಟಾಕಿನ ಮೇಲೆ ಬೆರಳಾಡಿಸಿದಳು. ಆಮೇಲೆ ನನ್ನ ಕಡೆ ತಿರುಗಿ, "ನೋಡ್ರಿ, ಟಾಕು ಹಿಂಗ ಬೀಳಬೇಕು. ಇನ್ನರ ಸೊಸಿ ಹತ್ರ ಕುಂತು ಕಲೀರಿ," ಎಂದಳು. ಹತ್ತು ಹೆಂಗಸರೂ ನನ್ನನ್ನೇ ನೋಡುತ್ತಿದ್ದರು. ಕಲಿಯುತ್ತೇನೆ ಎಂದೆ.